ಚಿತ್ರದ ಹಿಂಬದಿಯಲ್ಲಿ ಮಗುವಿನ ಮಾತು

ಮಗು ತಾನು ಬಿಡಿಸಿದ ಚಿತ್ರವನ್ನು ತಂದು ತೋರಿಸಿದಾಗ "ಇದೇನು?" ಎನ್ನುವ ಬದಲು "ಇದರ ಬಗ್ಗೆ ಹೇಳು" ಎಂದು ಕೇಳಿ, ಅದು ಹೇಳಿದ್ದನ್ನು ಒಂದಕ್ಷರವೂ ತಿದ್ದದೆ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಖಿನ ಸಮೇತ ಬರೆದಿಡಿ. 3–4 ವರ್ಷದ ಮಕ್ಕಳು ಎಷ್ಟೋ ಸಲ ಮೊದಲು ಗೀಚಿ ಆಮೇಲೆ ಹೆಸರಿಡುವುದರಿಂದ, ಬೆಳಿಗ್ಗೆ ಮಳೆಯಾಗಿದ್ದ ಸುರುಳಿಯೇ ಸಂಜೆಗೆ ಮಲಗಿದ ಹಾವಾಗಿರುತ್ತದೆ, "ಇದೇನು?" ಎಂದರೆ ಮಕ್ಕಳು ಒಂದೇ ಸರಿಯುತ್ತರವಿದೆ ಎಂದುಕೊಂಡು ಆ ಕಥೆಯನ್ನು ನುಂಗಿಬಿಡುತ್ತವೆ. ತಲೆಯಿಂದಲೇ ಕಾಲು ಹೊರಟ ಮನುಷ್ಯನೂ ಆ ವಯಸ್ಸಿಗೆ ಸಹಜ, ದಯವಿಟ್ಟು ನೀವು ಮೈ ಸೇರಿಸಬೇಡಿ. ಮಗು ಬಣ್ಣದಲ್ಲಿ ಮುಳುಗಿರುವಾಗ ಕೇಳಿದರೆ ಮಾತ್ರ ಇದು ಫಲಿಸುವುದಿಲ್ಲ. ಚಿತ್ರ ಇದ್ದದ್ದು ಇದ್ದ ಹಾಗೆಯೇ ಬರಬೇಕೆಂದು ಹಟ ಹಿಡಿಯುವ 8–9 ವರ್ಷದವರಿಗೂ ಅಷ್ಟಾಗಿ ಒಗ್ಗುವುದಿಲ್ಲ. ಸ್ಕೆಚ್ ಪೆನ್ನಿನ ಬಣ್ಣ ಹಿಂದಕ್ಕೆ ಇಳಿದಿದ್ದರೆ ಚೀಟಿಯಲ್ಲಿ ಬರೆದು ಅಂಟಿಸಿ.