ಫ್ಯೂಯಲ್ ಸೆಲ್‌ಗೆ ಮೆಥನಾಲ್: ನಾನು ಹೇಗೆ ಇಡುತ್ತೇನೆ, ಹೇಗೆ ಸಾಗಿಸುತ್ತೇನೆ

ಕರೆಂಟ್ ಇಲ್ಲದ ಜಾಗಗಳಲ್ಲಿ ಹವಾಮಾನ ಅಳೆಯುವ ಉಪಕರಣಗಳನ್ನು ನಡೆಸುವುದು ನನ್ನ ಕೆಲಸ. ಮೋಡ ಕವಿದು ಸೋಲಾರ್ ಕೈಕೊಟ್ಟಾಗ ಬ್ಯಾಟರಿ ತುಂಬುವುದು ಮೆಥನಾಲ್ ಫ್ಯೂಯಲ್ ಸೆಲ್, ಅಂದರೆ ಮೆಥನಾಲ್ ಎಂಬ ಆಲ್ಕೋಹಾಲನ್ನು ಉರಿಸದೆ ರಾಸಾಯನಿಕ ಕ್ರಿಯೆಯಿಂದಲೇ ವಿದ್ಯುತ್ತಾಗಿಸುವ ಯಂತ್ರ. 1 ಲೀಟರ್ ಮೆಥನಾಲ್‌ಗೆ ಹೆಚ್ಚುಕಡಿಮೆ 1 ಯೂನಿಟ್ ವಿದ್ಯುತ್ ಸಿಗುತ್ತದೆ. 10 ಲೀಟರಿನ ಒಂದು ಕಾರ್ಟ್ರಿಜ್ (ಸೆಲ್‌ಗೆ ಜೋಡಿಸುವ ಇಂಧನದ ಡಬ್ಬಿ) ಇದ್ದರೆ ಸಣ್ಣ ಉಪಕರಣ ವಾರಗಟ್ಟಲೆ ನಡೆಯುತ್ತದೆ. ಯಂತ್ರಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ಈ ಇಂಧನದ ವಿಷಯದಲ್ಲಿ.

ತುಂಬಿದ ಕ್ಯಾನಿಗಿಂತ ಅರ್ಧ ಖಾಲಿಯಾದ ಕ್ಯಾನಿನ ಮೇಲೆ ನನ್ನ ಕಣ್ಣು ಹೆಚ್ಚು. ಗಾಳಿಯಲ್ಲಿ ಮೆಥನಾಲ್ ಆವಿ ಶೇ. 6ರಿಂದ 36ರಷ್ಟಿದ್ದರೆ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಕ್ಯಾನಿನೊಳಗೆ ಸಾಮಾನ್ಯ ಹವೆಯಲ್ಲಿ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ, ಒಳಗೆ ಉರಿಯಲು ಬೇಕಾದಷ್ಟು ಗಾಳಿಯೇ ಇರುವುದಿಲ್ಲ. ಮೆಥನಾಲ್ ಹಾಗಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಚ್ಚಿದ ಕ್ಯಾನಿನ ಖಾಲಿ ಭಾಗದಲ್ಲಿ ಅದರ ಆವಿ ಶೇ. 13ರ ಆಸುಪಾಸು. ಅಂದರೆ ನಾವು ದಿನವೂ ಓಡಾಡುವ ಹವೆಯಲ್ಲೇ ಒಳಗಿನ ಗಾಳಿ ಉರಿಯಲು ಸಿದ್ಧವಾಗಿರುತ್ತದೆ. ಪೆಟ್ರೋಲ್ ಬಳಸಿ ಪಳಗಿದವರು ಇದನ್ನು ಗಮನಿಸದೆ ಇರುವುದೇ ನನಗೆ ಅತಿ ಹೆಚ್ಚು ಆತಂಕ ತರುವ ಸಂಗತಿ.

ಅದಕ್ಕೇ ನಾನು ಮೆಥನಾಲನ್ನು ಒಂದರಿಂದ ಇನ್ನೊಂದಕ್ಕೆ ಸುರಿಯುವುದೇ ಇಲ್ಲ. ತಯಾರಕರೇ ಮುದ್ರೆ ಹಾಕಿದ, ವಾಲ್ವ್ ಇರುವ ಕಾರ್ಟ್ರಿಜ್ ತಂದು ನೇರವಾಗಿ ಜೋಡಿಸುತ್ತೇನೆ. ಖಾಲಿಯಾದದ್ದನ್ನು ಮತ್ತೆ ತುಂಬುವುದಿಲ್ಲ. ಇದರಲ್ಲಿ ಇನ್ನೊಂದು ಲಾಭವೂ ಇದೆ: ಬೇರೆ ಇಂಧನದ ಅಂಶ ಕೊಂಚ ಬೆರೆತರೂ ಸೆಲ್‌ನೊಳಗೆ ರಾಸಾಯನಿಕ ಕ್ರಿಯೆ ನಡೆಸುವ ಕ್ಯಾಟಲಿಸ್ಟ್ ಹಾಳಾಗುತ್ತದೆ, ಆ ಭಯ ಉಳಿಯುವುದಿಲ್ಲ.

ಇಡುವ ಜಾಗ ನೆರಳಲ್ಲಿರಬೇಕು, ಗಾಳಿಯಾಡಬೇಕು, ಮನೆಯೊಳಗಂತೂ ಆಗಬಾರದು. ಡಬ್ಬಿ ಹೆಚ್‌ಡಿಪಿಇ ಪ್ಲಾಸ್ಟಿಕ್‌ನದು. ಅಲ್ಯೂಮಿನಿಯಂ ಮತ್ತು ಸತು ಲೇಪಿಸಿದ ತಗಡನ್ನು ಮೆಥನಾಲ್ ಕೊರೆಯುತ್ತದೆ. ಬಿಸಿಲಿಗೆ 20ರಿಂದ 50 ಡಿಗ್ರಿಗೆ ಏರಿದರೆ 10 ಲೀಟರ್ ಸುಮಾರು 350 ಮಿಲಿಲೀಟರ್ ಉಬ್ಬುತ್ತದೆ, ಅದಕ್ಕೇ ಯಾರೂ ಕಂಠಮಟ್ಟ ತುಂಬುವುದಿಲ್ಲ.

ಗಾಡಿಯಲ್ಲಿ ಕಾರ್ಟ್ರಿಜ್ ನೆಟ್ಟಗೆ ನಿಲ್ಲಬೇಕು, ಬೆಲ್ಟ್ ಹಾಕಿ ಬಿಗಿದಿರಬೇಕು, ಜನ ಕೂರುವ ಕಡೆ ಬೇಡ. ಅಡಿಯಲ್ಲಿ ಅಗಲದ ಟ್ರೇ ಇಡುತ್ತೇನೆ. ಪೆಟ್ಟಿಗೆಯ ಮೇಲಿನ ಯುಎನ್ ಸಂಖ್ಯೆಯನ್ನು (ಅಪಾಯಕಾರಿ ಸರಕನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಹೊರಡುವ ಮೊದಲು ನೋಡಿಕೊಳ್ಳುತ್ತೇನೆ: ಬಿಡಿ ಮೆಥನಾಲ್‌ಗೆ 1230, ಸುಡುವ ದ್ರವವಿರುವ ಫ್ಯೂಯಲ್ ಸೆಲ್ ಕಾರ್ಟ್ರಿಜ್‌ಗೆ 3473. ವಿಮಾನದಲ್ಲಿ ಈ ದೊಡ್ಡ ಕಾರ್ಟ್ರಿಜ್‌ಗಳನ್ನು ಲಗೇಜಿನಲ್ಲಿ ಒಯ್ಯುವಂತಿಲ್ಲ. ಪ್ರಯಾಣಿಕರಿಗೆ ಅನುಮತಿ ಇರುವುದು 200 ಮಿಲಿಲೀಟರ್ ಮೀರದ ಸಣ್ಣವಕ್ಕೆ ಮಾತ್ರ.

ಬೆಂಕಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೆಥನಾಲ್ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ, ಹೊಗೆಯೂ ಇಲ್ಲ. ಗಾಳಿ ಅಲೆಯಂತೆ ನಡುಗಿದರೆ ಅಥವಾ ಮುಖಕ್ಕೆ ಶಾಖ ಬಡಿದರೆ ಹತ್ತಿರ ಹೋಗದೆ ಹಿಂದೆ ಸರಿಯುತ್ತೇನೆ. ಗಾಡಿಯಲ್ಲಿ ಡ್ರೈ ಪೌಡರ್ ನಂದಕ ಇದ್ದೇ ಇರುತ್ತದೆ. ಮಾಮೂಲಿ ನೊರೆಯನ್ನು ಮೆಥನಾಲ್ ಕರಗಿಸಿಬಿಡುತ್ತದೆ, ಆಲ್ಕೋಹಾಲ್ ತಾಳುವ ನೊರೆಯೇ ಬೇಕು. ಚೆಲ್ಲಿದ ಕಡೆ ನೀರು ಸುರಿಯಬಹುದು, ಆದರೆ ಧಾರಾಳವಾಗಿ. ಕಾಲುಭಾಗ ನೀರು ಬೆರೆತರೂ ಅದು ಉರಿಯುತ್ತಲೇ ಇರುತ್ತದೆ.

ವಿಷವೂ ಅಷ್ಟೇ ಗಂಭೀರ. 10 ಮಿಲಿಲೀಟರ್ ಹೊಟ್ಟೆಗೆ ಹೋದರೆ ಕಣ್ಣು ಹೋಗಬಹುದು, ಲಕ್ಷಣಗಳು ಕಾಣಿಸಿಕೊಳ್ಳಲು ಅರ್ಧ ದಿನವೋ ಒಂದು ದಿನವೋ ಹಿಡಿಯುತ್ತದೆ. ಆದ್ದರಿಂದ ಹುಷಾರಾಗಿದ್ದೇನೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಓಡಬೇಕು, ಮೆಥನಾಲ್ ಎಂದು ಹೆಸರು ಹೇಳಬೇಕು, ಏಕೆಂದರೆ ಅದಕ್ಕೆ ಪ್ರತ್ಯೌಷಧವಿದೆ. ಚರ್ಮದ ಮೂಲಕವೂ ಅದು ಒಳಸೇರುತ್ತದೆ, ತೆಳ್ಳನೆಯ ಲೇಟೆಕ್ಸ್ ಗ್ಲೌಸ್ ತಡೆಯುವುದಿಲ್ಲ. ನಾನು ಬ್ಯೂಟೈಲ್ ರಬ್ಬರಿನದನ್ನು ತೊಡುತ್ತೇನೆ. ನೀರಿನ ಬಾಟಲಿಗೆ ಮೆಥನಾಲ್ ಹಾಕುವವರನ್ನು ನನ್ನ ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲ.

ಖಾಲಿ ಕಾರ್ಟ್ರಿಜ್‌ಗೂ ಮುಚ್ಚಳ ಬಿಗಿದು, ಅದೇ ಬೆಲ್ಟ್ ಹಾಕಿ, ಅದೇ ನೆರಳಿನಲ್ಲಿ ಇಟ್ಟು ಮಾರಾಟಗಾರರಿಗೆ ವಾಪಸ್ ಕೊಡುತ್ತೇನೆ. ಒಳಗೆ ಉಳಿದಿರುವ ಆವಿಗೆ ಅದು ಇನ್ನೂ ತುಂಬಿದ ಡಬ್ಬಿಯೇ.