ಒಲೆಯ ಮೇಲೆ ಮಲಗುವ ಅಜ್ಜ: ಹೆಸರು ಮರೆತ ಪುಸ್ತಕ ಹುಡುಕುವ ಬಗೆ

ಹೊರಗೆ ಹಿಮ. ಒಳಗೆ ಗೋಡೆಯಷ್ಟು ದೊಡ್ಡ ಒಲೆ. ಅದರ ಮೇಲೆ ಕಂಬಳಿ ಹೊದ್ದು ಮಲಗಿದ ಒಬ್ಬ ಅಜ್ಜ. ನೀಲಿ ಸ್ಕಾರ್ಫ್ ಕಟ್ಟಿದ ಹುಡುಗಿ, ಒಂದು ಕರಡಿ. ಚಿಕ್ಕವಳಿದ್ದಾಗ ಓದಿದ ಆ ಪುಸ್ತಕದ ಬಗ್ಗೆ ನನಗೆ ನೆನಪಿದ್ದದ್ದು ಇಷ್ಟೇ. ಹೆಸರಿಲ್ಲ, ಬರೆದವರು ಯಾರು ಅಂತ ಗೊತ್ತಿಲ್ಲ. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಮಳೆಗಾಲವಿಡೀ ಹೊಡ್ತಲಿನ, ಅಂದರೆ ಬೆಂಕಿ ಹಾಕುವ ಗುಂಡಿಯ ಸುತ್ತ ಕೂತು ಚಳಿ ಕಾಯಿಸುತ್ತಿದ್ದೆವು. ಒಲೆಯ ಮೇಲೇ ಮಲಗುವ ಜನ ಇದ್ದಾರೆ ಎಂಬುದು ನನಗೆ ಅಷ್ಟು ದೊಡ್ಡ ಸುದ್ದಿಯಾಗಿತ್ತು.

ಆ ಪುಸ್ತಕ ಹೋದ ವರ್ಷ ಸಿಕ್ಕಿತು. ನಿಮ್ಮದೂ ಇಂಥದ್ದೊಂದು ಇರುತ್ತದೆ, ಅಲ್ವಾ? ಹುಡುಕಲು ಕೂರುವ ಮೊದಲು ನಾನು ಕಲಿತದ್ದನ್ನು ಕೇಳಿ.

ಮೊದಲು ಮೊಬೈಲ್ ಬದಿಗಿಡಿ, ನೋಟ್‌ಬುಕ್ ತೆಗೆಯಿರಿ. ಇದು ಎಲ್ಲಕ್ಕಿಂತ ಮುಖ್ಯ. ನಾನು ಒಂದು ರಾತ್ರಿ ಕೂತು ಇಂಟರ್‌ನೆಟ್ಟಿನಲ್ಲಿ ಹಳೆಯ ಮಕ್ಕಳ ಪುಸ್ತಕಗಳ ಮುಖಪುಟಗಳನ್ನು ಸಾಲಾಗಿ ನೋಡಿದೆ. ಬೆಳಗಾಗುವಷ್ಟರಲ್ಲಿ ನನ್ನ ಹುಡುಗಿಯ ಸ್ಕಾರ್ಫ್ ಕೆಂಪಾಗಿಬಿಟ್ಟಿತ್ತು. ನೀಲಿ ಅಂತ ಮೊದಲೇ ಬರೆದಿಟ್ಟಿರದಿದ್ದರೆ ಆ ಗುರುತು ಅಲ್ಲಿಗೇ ಹೋಗುತ್ತಿತ್ತು. ಹಳೆಯ ನೆನಪು ಹೊಸ ಚಿತ್ರವನ್ನು ತುಂಬ ಬೇಗ ಹಚ್ಚಿಕೊಳ್ಳುತ್ತದೆ.

ಕತೆಯನ್ನಷ್ಟೇ ಬರೆಯಬೇಡಿ, ಪುಸ್ತಕದ ಮೈಯನ್ನೂ ಬರೆಯಿರಿ. ಒಂದು ಕೈಯಲ್ಲಿ ಹಿಡಿಸುತ್ತಿತ್ತೇ, ತೊಡೆಯ ಮೇಲೆ ಬಿಡಿಸಿಡಬೇಕಿತ್ತೇ? ಕಾಗದ ನುಣುಪೋ, ಒರಟೋ? ಹೊಲಿಗೆ ಇತ್ತೋ, ಬರೀ ಪಿನ್ನೋ? ಎಲ್ಲಿ ಕೂತು ಓದಿದಿರಿ, ಪಕ್ಕದಲ್ಲಿ ಯಾರಿದ್ದರು, ಆಗ ಮಳೆಯೋ ಬೇಸಿಗೆಯೋ? ಖಾತ್ರಿ ಇರುವುದರ ಕೆಳಗೆ ಒಂದು ಗೆರೆ ಎಳೆಯಿರಿ. ಇಲ್ಲದ್ದಕ್ಕೆ ಪ್ರಶ್ನೆ ಚಿಹ್ನೆ ಹಾಕಿ.

ವರ್ಷವನ್ನು ನಮ್ಮೂರಿನ ಲೆಕ್ಕದಲ್ಲೇ ಹಿಡಿಯಬಹುದು. ನನ್ನ ಪುಸ್ತಕ ಕೊಂಡದ್ದು ಮಾರಿಕಾಂಬಾ ಜಾತ್ರೆಯ ಅಂಗಡಿಯಲ್ಲಿ, ಬಳೆ ಕೊಂಡ ಮೇಲೆ ಉಳಿದ ದುಡ್ಡಿನಲ್ಲಿ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಜಾತ್ರೆ, ನಾಲ್ಕನೇ ಕ್ಲಾಸಿನಲ್ಲಿದ್ದಾಗ ಇನ್ನೊಂದು. ಎರಡನೇ ಕ್ಲಾಸಿನಲ್ಲಿ ಅಷ್ಟುದ್ದದ ಕತೆ ಓದಲು ನನಗೆ ಬರುತ್ತಿರಲಿಲ್ಲ. ಅಲ್ಲಿಗೆ ವರ್ಷ ಸಿಕ್ಕಿತು. ನಿಮಗೆ ಅದು ಶಾಲೆಯ ಬಹುಮಾನವೋ, ಅಕ್ಕನ ಮದುವೆಯ ವರ್ಷವೋ ಇರಬಹುದು.

ಅಪ್ಪ, ಅಮ್ಮಂದಿರ ಕಾಲದ ಪುಸ್ತಕವಾದರೆ ಬೆಲೆ ನೋಡಿ. ಆಣೆಯಲ್ಲಿ ಅಚ್ಚಾಗಿದ್ದರೆ ಹೆಚ್ಚಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ ಅಲ್ಲಿಂದ 1964ರ ಒಳಗಿನದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ನಮ್ಮ ಜಿಲ್ಲೆಗೇ ಸೇರಿದ ಇನ್ನೊಂದು ಮಾತಿದೆ. ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಕಾರವಾರದ ಗೆಳತಿಯೊಬ್ಬಳು ಅವಳ ತಂದೆಯ ಶಾಲೆಯ ಓದುಪುಸ್ತಕವನ್ನು ಹಳೆಯ ಮೈಸೂರಿನ ಪಠ್ಯಗಳಲ್ಲಿ ವರ್ಷಗಟ್ಟಲೆ ಹುಡುಕಿದಳು. ಅಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಮುಂಬಯಿ ಸರ್ಕಾರದ ಕನ್ನಡ ಪಠ್ಯಗಳನ್ನು ನೋಡಬೇಕಿತ್ತು.

ಇನ್ನು ಪುಸ್ತಕದ ಜಾತಿ. ಪ್ರತಿ ಕತೆಯ ಕೊನೆಗೆ ಬೇತಾಳ ಮರಕ್ಕೆ ಹಾರುತ್ತಿದ್ದರೆ ಅದು ‘ಚಂದಮಾಮ’ ಇದ್ದೀತು. ಕನ್ನಡದಲ್ಲಿ 1948ರಿಂದ ಬರುತ್ತಿದ್ದ ಮಾಸಪತ್ರಿಕೆ ಅದು. ಎಷ್ಟೋ ಮನೆಗಳಲ್ಲಿ ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಬೈಂಡ್ ಮಾಡಿಸುತ್ತಿದ್ದರು. ಮುಖಪುಟ ಹರಿದ ಮೇಲೆ ಅದು ದಪ್ಪ ಪುಸ್ತಕದ ಹಾಗೇ ಕಾಣುತ್ತಿತ್ತು. ಕಿಸೆಯಲ್ಲಿ ಹಿಡಿಸುವಷ್ಟು ಚಿಕ್ಕದು, ಒಬ್ಬರದೇ ಜೀವನದ ಕತೆ ಎಂದಾದರೆ ‘ಭಾರತ-ಭಾರತಿ’ ಮಾಲೆಯಲ್ಲಿ ನೋಡಿ. ಅದರಲ್ಲಿ 510 ಪುಸ್ತಕಗಳಿವೆ.

ನನ್ನ ಗುಟ್ಟು ಒಲೆಯಲ್ಲೇ ಇತ್ತು. ಹಿಮ, ಮಲಗುವಷ್ಟು ದೊಡ್ಡ ಒಲೆ ಅಂದರೆ ರಷ್ಯದ ಹಳ್ಳಿಮನೆ. ಆ ಕಾಲದಲ್ಲಿ ಮಾಸ್ಕೋದಲ್ಲಿ ಅಚ್ಚಾದ ಸೋವಿಯತ್ ಮಕ್ಕಳ ಪುಸ್ತಕಗಳು ಕನ್ನಡದಲ್ಲೂ ಬರುತ್ತಿದ್ದವು. ನವಕರ್ನಾಟಕ ಪ್ರಕಾಶನದ ಪುಸ್ತಕ ಮಳಿಗೆಗಳಲ್ಲಿ ತುಂಬ ಕಡಿಮೆ ಬೆಲೆಗೆ ಸಿಗುತ್ತಿದ್ದವು. ಅಂಥ ಪುಸ್ತಕ ಕೈಗೆ ಸಿಕ್ಕಿದರೆ ಕೊನೆಯ ಹಾಳೆ ನೋಡಿ. ನಮ್ಮವರು ಅಚ್ಚಿನ ವಿವರ ಮೊದಲ ಪುಟಗಳಲ್ಲಿ ಹಾಕುತ್ತಾರೆ, ಅವರು ಕೊನೆಯಲ್ಲಿ ಹಾಕುತ್ತಿದ್ದರು.

ಆಮೇಲೆ ಜನರನ್ನು ಕೇಳಿ, ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ. ಅಣ್ಣ ತಂಗಿಯರನ್ನು ಒಟ್ಟಿಗೆ ಕೂರಿಸಿದರೆ ಜೋರಾಗಿ ಮಾತಾಡುವವರ ನೆನಪೇ ಎಲ್ಲರದೂ ಆಗಿಬಿಡುತ್ತದೆ. ‘ಕರಡಿ ಇತ್ತಲ್ಲ?’ ಅಂತ ಕೇಳಬೇಡಿ. ‘ಏನಿತ್ತು?’ ಅಂತ ಕೇಳಿ ಸುಮ್ನೆ ಕೂತಿರಿ. ಓದಿದವರನ್ನಷ್ಟೇ ಅಲ್ಲ, ಕೇಳಿದವರನ್ನೂ ಕೇಳಿ. ಇದು ನನಗೆ ತಡವಾಗಿ ಹೊಳೆಯಿತು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಆಯಿ, ಚಿಕ್ಕಿ ಎಲ್ಲ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಿದ್ದರು. ಅವರಿಗೆ ನಿದ್ದೆ ಬರಬಾರದು ಅಂತ ನಾನು ದೊಡ್ಡ ದನಿಯಲ್ಲಿ ಓದುತ್ತಿದ್ದೆ. ಒಂದೇ ಪುಸ್ತಕವನ್ನು ಹತ್ತಾರು ಸಲ.

ಚಿಕ್ಕಿಗೆ ಈಗ ಎಂಬತ್ತೆರಡು. ‘ಒಲೆ ಮೇಲೆ ಮಲಗೋ ಅಜ್ಜನ ಕತೆಯಲ್ಲಿ ಏನಿತ್ತು?’ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. ‘ತೋಳ ಇತ್ತು.’ ಕರಡಿ ಇರಲಿಲ್ಲವಾ ಎಂದೆ. ‘ಕರಡಿ ಅಲ್ಲ ಕೂಸೇ, ಅದು ತೋಳ. ಕರಡಿದು ಬೇರೆ ಪುಸ್ತಕ.’ ನಾನು ಇಷ್ಟು ವರ್ಷ ಎರಡು ಪುಸ್ತಕಗಳನ್ನು ಒಂದು ಮಾಡಿಕೊಂಡು ಹುಡುಕುತ್ತಿದ್ದೆ. ಬಹಳ ಜನರಿಗೆ ಹೀಗೇ ಆಗಿರುತ್ತದೆ. ಹುಡುಕಾಟ ಎಲ್ಲೂ ಮುಂದೆ ಹೋಗದಿದ್ದರೆ ನಿಮ್ಮ ಪಟ್ಟಿಯನ್ನು ಎರಡಾಗಿ ಒಡೆದು ನೋಡಿ.

ಇಂಟರ್‌ನೆಟ್ ಈಗ ತೆರೆಯಿರಿ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ಸಾವಿರಗಟ್ಟಲೆ ಇವೆ. ಆದರೆ ಎಷ್ಟೋ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಕೈಗೆ ಬಂದ ಹಾಗೆ ಬರೆದಿದ್ದಾರೆ. ಕತೆ, ಕಥೆ, ಕಥೆಗಳು, ಎಲ್ಲ ಬಗೆಯಲ್ಲೂ ಹಾಕಿ ನೋಡಿ. ಊರಿನ ಗ್ರಂಥಾಲಯಕ್ಕೆ ಹೋದರೆ ಕಪಾಟಿನ ಮುಂದೆ ನಿಂತು ಕೈಯಿಂದ ಮುಟ್ಟಿ ನೋಡಿ, ಗಾತ್ರದ ನೆನಪು ಕೈಗೆ ಚೆನ್ನಾಗಿರುತ್ತದೆ.

ಅಟ್ಟದ ಟ್ರಂಕ್ ತೆಗೆಯುವುದಿದ್ದರೆ ಮಳೆಗಾಲ ಮುಗಿಯಲಿ. ಅಂಟಿಕೊಂಡ ಹಾಳೆಗಳನ್ನು ಎಳೆಯಬೇಡಿ. ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಗಾಳಿಗಿಡಿ. ಒಣಗಿದ ಮೇಲೆ ಬೂಷ್ಟನ್ನು ಮೆತ್ತನೆಯ ಬ್ರಷ್‌ನಿಂದ ಅಂಗಳದಲ್ಲಿ ಕೊಡವಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹರಿದದ್ದಕ್ಕೆ ಸೆಲ್ಲೋಟೇಪ್ ಮಾತ್ರ ಬೇಡ. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದವನ್ನೇ ಹಾಳು ಮಾಡುತ್ತದೆ.

ನಮ್ಮ ಪುಸ್ತಕ ಕಾರವಾರದಲ್ಲಿತ್ತು, ಚಿಕ್ಕಿಯ ಮಗನ ಮನೆಯಲ್ಲಿ. ಅವನು ಕಾಲೇಜಿಗೆ ಹೋಗುವಾಗ ಒಯ್ದ ಟ್ರಂಕಿನ ತಳದಲ್ಲಿ. ಮೊದಲ ಹಾಳೆಗಳೂ ಇಲ್ಲ, ಕೊನೆಯ ಹಾಳೆಯೂ ಇಲ್ಲ. ಹೆಸರು ಇವತ್ತಿಗೂ ಗೊತ್ತಿಲ್ಲ. ಆದರೆ ಅಜ್ಜ ಇದ್ದಾನೆ, ಒಲೆ ಇದೆ, ತೋಳ ಇದೆ. ಒಳಗಿನ ಚಿತ್ರಗಳೆಲ್ಲ ಕಪ್ಪು ಬಿಳುಪು. ಸ್ಕಾರ್ಫಿನ ಬಣ್ಣ ಇದ್ದದ್ದು ಹರಿದುಹೋದ ಮುಖಪುಟದಲ್ಲಿ ಇರಬೇಕು. ಒಂದು ಪುಟದ ಅಂಚಿನಲ್ಲಿ ಅಡಿಕೆ ಚೊಗರಿನ ಕೆಂಪು ಕಲೆ ಇದೆ, ಒಂದು ಹೆಬ್ಬೆರಳಿನಷ್ಟು. ಚಿಕ್ಕಿ ಅದರ ಮೇಲೆ ಅವಳ ಹೆಬ್ಬೆರಳು ಇಟ್ಟು ನೋಡಿದಳು.

ಕರಡಿಯ ಪುಸ್ತಕಕ್ಕೆ ನೋಟ್‌ಬುಕ್ಕಿನಲ್ಲಿ ಬೇರೆ ಪುಟ ಮಾಡಿದ್ದೇನೆ.