ರೊಟ್ಟಿ ಕೇಂದ್ರದ ಕೆಲಸದಲ್ಲಿ ಬಿಡುವು ಮಾಡಿಕೊಂಡ ಬಗೆ

ಕಲಬುರಗಿಯಲ್ಲಿ ಜೋಳದ ರೊಟ್ಟಿ ಮಾರುವ ನನ್ನ ಸಣ್ಣ ಕೇಂದ್ರಕ್ಕೆ ಗಿರಾಕಿಗಳ ಕೊರತೆ ಇರಲಿಲ್ಲ. ಆದರೆ ಹೊಸ ಖಾನಾವಳಿ, ಕಿರಾಣಿ ಅಂಗಡಿಗಳವರನ್ನು ಕಂಡು ವ್ಯಾಪಾರ ಬೆಳೆಸಲು ನನಗೆ ಪುರಸೊತ್ತು ಇರಲಿಲ್ಲ. ದಿನದ ಹೊತ್ತು ಎಲ್ಲಿ ಹೋಗುತ್ತದೆಂದು ಉದ್ರಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ಕೆಲವು ದಿನ ಬರೆದಿಟ್ಟಾಗ, ಅದರಲ್ಲಿ ಸಾಕಷ್ಟು ಪಾಲು ಫೋನಿನಲ್ಲಿ ದರ ಹೇಳುವುದರಲ್ಲೇ ಕಳೆಯುತ್ತಿರುವುದು ಕಂಡುಬಂತು.

ಅದಕ್ಕೇ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ ಖಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಇವುಗಳ ಚಿತ್ರ ಮತ್ತು ದರ ಹಾಕಿದೆ. ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರವನ್ನು ಕ್ವಿಕ್ ರಿಪ್ಲೈನಲ್ಲಿ ಸಿದ್ಧವಾಗಿಟ್ಟೆ.

ಆದರೆ ಹೆಚ್ಚಿನ ಬಿಡುವು ಸಿಕ್ಕಿದ್ದು ಒಲೆಯ ಬಳಿಯಲ್ಲೇ. ಮೆತ್ತನೆಯ ರೊಟ್ಟಿಯನ್ನು ಅಂದೇ ಬಡಿದು ಅಂದೇ ಕೊಡಬೇಕು. ತೇವವೆಲ್ಲ ಆರಿಹೋಗುವಂತೆ ಸುಟ್ಟ ಖಡಕ್ ರೊಟ್ಟಿಯಾದರೋ ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಕೆಡದೆ ಉಳಿಯುತ್ತದೆ. ಆದ್ದರಿಂದ ಖಡಕ್ ರೊಟ್ಟಿಯನ್ನು ಸೋಮವಾರ ಮತ್ತು ಗುರುವಾರ ಮಾತ್ರ ಮಾಡಿಸಿ, ಉಳಿದ ದಿನಗಳಲ್ಲಿ ಬೆಳಗಿನ ಬಡಿಯುವ ಕೆಲಸ ಮುಗಿದ ಮೇಲೆ ಒಲೆ ಆರಿಸುವ ಪದ್ಧತಿ ತಂದೆ. ಹಿಟ್ಟನ್ನು ಮಾತ್ರ ಒಮ್ಮೆಗೇ ಹೆಚ್ಚು ಬೀಸಿಸಿ ಇಡಲಿಲ್ಲ, ಏಕೆಂದರೆ ಹಳೆಯ ಹಿಟ್ಟಿಗೆ ಜಿಗಿ ಇಲ್ಲದೆ ಬಡಿಯುವಾಗ ರೊಟ್ಟಿಯ ಅಂಚು ಸೀಳುತ್ತದೆ. ಹಿಟ್ಟು ನಾದಿ ಪರೀಕ್ಷಿಸುವ ಜವಾಬ್ದಾರಿಯನ್ನು ನನಗಿಂತ ಕೈ ಪಳಗಿದ ಹಿರಿಯ ಅಕ್ಕನವರಿಗೇ ಪೂರ್ತಿಯಾಗಿ ವಹಿಸಿದೆ. ಮಾಲೀಕರು ಪಕ್ಕದಲ್ಲಿ ನಿಲ್ಲದಿದ್ದರೆ ರುಚಿ ಕೆಡುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಹೀಗೆ ಉಳಿದ ಮಧ್ಯಾಹ್ನಗಳಲ್ಲಿ ಸೇಡಂ, ಶಹಾಬಾದ್ ಕಡೆಯ ಅಂಗಡಿಗಳಿಗೆ ಮಾದರಿ ಪೊಟ್ಟಣ ಒಯ್ಯುತ್ತಿದ್ದೇನೆ, ಕೆಲವರಿಂದ ಕಾಯಂ ಬೇಡಿಕೆಯೂ ಬಂದಿದೆ. ಎಳ್ಳ ಅಮಾವಾಸ್ಯೆಯ ವಾರದಲ್ಲಿ ಮಾತ್ರ ಈ ವ್ಯವಸ್ಥೆ ನಡೆಯದು. ಆಗ ಸಜ್ಜೆ ರೊಟ್ಟಿಯ ಬೇಡಿಕೆ ಪೂರೈಸಲು ನಾನೂ ಬಡಿಯಲು ಕೂಡಲೇಬೇಕಾಗುತ್ತದೆ.